ಮಾಯಕೊಂಡದ ಠೇವಣಿ ಬ್ಯಾಂಕಿನ ಗಳಿಕೆಯಲ್ಲ

ದಾವಣಗೆರೆ ಸೀಮೆಯ ಮಾಯಕೊಂಡ ಹೋಬಳಿಯ ರೈತರೊಬ್ಬರು ತೊಂಬತ್ತರ ದಶಕದಲ್ಲಿ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ, ಊರು ಬಿಡದೆ, ಖಾತೆಯನ್ನೂ ಬೇರೆಡೆಗೆ ಒಯ್ಯದೆ, ಇವತ್ತಿಗೆ ಐದು ಬ್ಯಾಂಕುಗಳ ಗ್ರಾಹಕರಾಗಿರುತ್ತಾರೆ. ಆಗ ಇದ್ದದ್ದು ಚಿತ್ರದುರ್ಗ ಗ್ರಾಮೀಣ ಬ್ಯಾಂಕ್. 2005ರ ಸೆಪ್ಟೆಂಬರಿನಲ್ಲಿ ಅದು ಬಳ್ಳಾರಿಯ ತುಂಗಭದ್ರಾ, ಶಿವಮೊಗ್ಗದ ಸಹ್ಯಾದ್ರಿ ಮತ್ತು ಕೋಲಾರ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರ ಆಗಸ್ಟಿನಲ್ಲಿ ಕಲಬುರ್ಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಬಂದು ಸೇರಿ ಪ್ರಗತಿ ಕೃಷ್ಣಾ ಆಯಿತು. 2019ರ ಏಪ್ರಿಲ್ 1ರಂದು ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂಬ ಹೆಸರು ಬಂತು. ಐಎಫ್‌ಎಸ್‌ಸಿ ಸಂಕೇತದಲ್ಲಿ ಮಾತ್ರ ಹಳೆಯ ಪಿಕೆಜಿಬಿ ಅಕ್ಷರಗಳು ಹಾಗೇ ಉಳಿದವು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಸೇರಿ, ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್ ಎಂದಾಯಿತು. ಕೇಂದ್ರ ಕಚೇರಿ ಬಳ್ಳಾರಿ, ಪ್ರಾಯೋಜಕ ಕೆನರಾ ಬ್ಯಾಂಕ್. ಇಷ್ಟು ಸಲ ಬೋರ್ಡು, ಪಾಸ್‌ಬುಕ್ಕು, ರಬ್ಬರ್ ಸ್ಟಾಂಪು ಬದಲಾಗಿವೆ. ಅವಕ್ಕೆಲ್ಲ ಖರ್ಚಾಗಿದೆ. ಆ ಖರ್ಚು, ಅದರ ಜೊತೆಗೆ ಕಂಪ್ಯೂಟರು, ಜನರೇಟರು, ತಿಜೋರಿ, ಕಟ್ಟಡ ಇವುಗಳ ಖರ್ಚು ಬ್ಯಾಂಕಿನ ಯೋಗ್ಯತೆಗೆ ತಕ್ಕಂತೆ ಇತ್ತೋ ಇಲ್ಲವೋ ಎಂದು ಅಳೆಯುವುದು ಹೇಗೆ ಎಂಬುದೇ ಈ ಬರಹದ ವಿಷಯ. ಗ್ರಾಮೀಣ ಬ್ಯಾಂಕುಗಳಿಗೆ ಐವತ್ತು ವರ್ಷ ತುಂಬಿದ ಹೊತ್ತಿನಲ್ಲಿ ಹಳೆಯ ಲೆಕ್ಕಪತ್ರಗಳನ್ನು ನೆನಪಿಸಿಕೊಂಡಾಗ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು.

ಷೇರುಪೇಟೆಯ ಕಡೆಯವರು ಕಂಪನಿಗಳಿಗೆ ಬಳಸುವ ಒಂದು ಅಳತೆಗೋಲು ಇದೆ. ವರ್ಷದಲ್ಲಿ ಯಂತ್ರ, ಕಟ್ಟಡ, ಸಲಕರಣೆಗೆ ಹಾಕಿದ ಹಣ, ಅಂದರೆ ಬಂಡವಾಳ ವೆಚ್ಚ ಎಷ್ಟು, ಅದೇ ವರ್ಷ ಕಾರ್ಯಾಚರಣೆಯಿಂದ ಕೈಗೆ ಬಂದ ನಗದು ಎಷ್ಟು, ಮೊದಲನೆಯದು ಎರಡನೆಯದರಲ್ಲಿ ಶೇಕಡಾ ಎಷ್ಟು ಎಂದು ನೋಡುತ್ತಾರೆ. ನೂರು ರೂಪಾಯಿ ದುಡಿದು ಮೂವತ್ತು ರೂಪಾಯಿ ಯಂತ್ರಕ್ಕೆ ಹಾಕಿದರೆ ನೆಮ್ಮದಿ. ನೂರೈವತ್ತು ಹಾಕಿದರೆ ಮಿಕ್ಕ ಐವತ್ತು ಸಾಲದಿಂದಲೋ ಬೇರೆಡೆಯಿಂದಲೋ ಬಂದಿದೆ ಎಂದರ್ಥ. ನಮ್ಮ ಕಡೆ ಇದು ಚೆನ್ನಾಗಿ ಹೊಂದುವ ಜಾಗ ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡಿ ಮಾರುತ್ತಿತ್ತು. ಲೇತ್ ಮಾರಿದ ಹಣದಲ್ಲಿ ಉಕ್ಕು, ಕೂಲಿ, ಕರೆಂಟು ಕಳೆದು ಉಳಿದದ್ದು ಕಾರ್ಖಾನೆಯದೇ. ಅದನ್ನು ಯಾರಿಗೂ ವಾಪಸು ಕೊಡಬೇಕಿಲ್ಲ. ಆ ಉಳಿಕೆಯಿಂದ ಹೊಸ ಯಂತ್ರ ಕೊಂಡರೆ ಕಾರ್ಖಾನೆ ತನ್ನ ಕಾಲ ಮೇಲೆ ನಿಂತಿದೆ ಎನ್ನಬಹುದು. ಉಳಿಕೆ ಬತ್ತಿ, ಹಳೆಯ ಯಂತ್ರಗಳೇ ಸವೆಯುತ್ತ ಹೋದರೆ ಮುಂದಿನದು ಗೊತ್ತೇ ಇದೆ. ದಾವಣಗೆರೆಯ ಹತ್ತಿ ಗಿರಣಿಗಳಿಗೂ ಇದೇ ಲೆಕ್ಕ ಹೊಂದುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಹಳೆಯ ಮಗ್ಗಗಳನ್ನು ಬದಲಿಸಲಾಗದ ಗಿರಣಿಗಳು ಏನಾದವು ಎಂಬುದನ್ನು ಹಳೆಯ ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ. ಕಾರ್ಖಾನೆಗೆ ಹೊಂದಿದ ಈ ಗೋಲನ್ನೇ ಬ್ಯಾಂಕಿಗೂ ಹಿಡಿದರೆ ಆಗುವ ಎಡವಟ್ಟು ಮಾತ್ರ ಸಣ್ಣದಲ್ಲ.

ಎಡವಟ್ಟು ಲೆಕ್ಕಶಾಸ್ತ್ರದ ನಿಯಮದೊಳಗೇ ಕೂತಿದೆ. ನಗದು ಹರಿವಿನ ತಃಖ್ತೆಗೆ ಸಂಬಂಧಪಟ್ಟ ಲೆಕ್ಕ ಮಾನದಂಡ 3ರ ಪ್ರಕಾರ ಹಣಕಾಸು ಸಂಸ್ಥೆಗಳು ಕೊಡುವ ಸಾಲ ಅವುಗಳ ಮುಖ್ಯ ಕಸುಬು, ಆದ್ದರಿಂದ ಅದು ಕಾರ್ಯಾಚರಣೆಯ ಭಾಗ. ಗ್ರಾಹಕರ ಠೇವಣಿಯೂ ಅದೇ ಭಾಗದಲ್ಲಿ ಬರುತ್ತದೆ. ಅಂದರೆ ಕಿರ್ಲೋಸ್ಕರಿಗೆ ಉಕ್ಕು ಇದ್ದ ಜಾಗದಲ್ಲಿ ಬ್ಯಾಂಕಿಗೆ ಹಣವೇ ಇದೆ. ಜನ ಠೇವಣಿ ಇಟ್ಟರೆ ಕಾರ್ಯಾಚರಣೆಯ ನಗದು ಏರುತ್ತದೆ, ಬ್ಯಾಂಕು ಸಾಲ ಕೊಟ್ಟರೆ ಇಳಿಯುತ್ತದೆ. ಬಡ್ಡಿಯ ಗಳಿಕೆ ಈ ಎರಡು ಹೊಳೆಗಳ ನಡುವೆ ಸಣ್ಣ ಹಳ್ಳ. ದಾವಣಗೆರೆ ಎಪಿಎಂಸಿಯಲ್ಲಿ ನವೆಂಬರ್ ತಿಂಗಳಲ್ಲಿ ದಲಾಲರ ಗಲ್ಲಾಪೆಟ್ಟಿಗೆ ತುಂಬಿರುತ್ತದೆ. ಅದರಲ್ಲಿ ಬಹುಪಾಲು ಮೆಕ್ಕೆಜೋಳ ತಂದ ರೈತನಿಗೆ ಸಲ್ಲಬೇಕಾದದ್ದು, ದಲಾಲರದ್ದು ಕಮಿಷನ್ ಅಷ್ಟೇ. ಪೆಟ್ಟಿಗೆ ನೋಡಿ ಮನೆ ಕಟ್ಟಲು ಹೊರಟ ದಲಾಲ ಏನಾಗುತ್ತಾನೆಂದು ಮಂಡಿಯಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಕಿನ ವಿಷಯದಲ್ಲಿ ಮಾತ್ರ ಓದು ಬಲ್ಲವರೂ ಪೆಟ್ಟಿಗೆ ನೋಡಿಯೇ ಮಾತಾಡುತ್ತಾರೆ.

ಲೆಕ್ಕ ಬಿಡಿಸಿ ಹೇಳಲು ಒಂದು ಕಾಲ್ಪನಿಕ ಬ್ಯಾಂಕನ್ನು ಇಟ್ಟುಕೊಳ್ಳೋಣ. ವರ್ಷಕ್ಕೆ 100 ಕೋಟಿ ಕಾರ್ಯಾಚರಣಾ ಲಾಭ, ಸ್ಥಿರಾಸ್ತಿಗೆ 20 ಕೋಟಿ ವೆಚ್ಚ. ಮೊದಲ ವರ್ಷ ಠೇವಣಿ 1,000 ಕೋಟಿ ಬೆಳೆಯಿತು, ಸಾಲ 700 ಕೋಟಿ ಬೆಳೆಯಿತು. ಇತರ ಬಾಬ್ತು ಬಿಟ್ಟರೆ ಕಾರ್ಯಾಚರಣೆಯ ನಗದು 400 ಕೋಟಿ, ಬಂಡವಾಳ ವೆಚ್ಚ ಅದರ ಶೇ 5. ನೋಡಿದವರು ಶಹಬ್ಬಾಸ್ ಎನ್ನುತ್ತಾರೆ. ಮರುವರ್ಷ ಮಳೆ ಚೆನ್ನಾಗಿ ಆಯಿತು, ರೈತರು ಸಾಲ ತೆಗೆದರು, ಟ್ರ್ಯಾಕ್ಟರು ಕೊಂಡರು. ಸಾಲ 900 ಕೋಟಿ ಬೆಳೆಯಿತು, ಠೇವಣಿ 500 ಕೋಟಿ ಮಾತ್ರ. ಕೊರತೆಯನ್ನು ಬ್ಯಾಂಕು ನಬಾರ್ಡಿನ ಮರುಸಾಲದಿಂದ ತುಂಬಿಕೊಂಡಿತು. ಈಗ ಕಾರ್ಯಾಚರಣೆಯ ನಗದು ಮೈನಸ್ 300 ಕೋಟಿ. ಲಾಭ ಅಷ್ಟೇ, ಕೊಂಡ ಕಂಪ್ಯೂಟರು ಅಷ್ಟೇ, ಆದರೆ ಅನುಪಾತ ಅರ್ಥವಿಲ್ಲದ ಅಂಕಿಯಾಗಿ ನಿಂತಿತು. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಸರ್ಕಾರಿ ಸಾಲಪತ್ರಗಳಲ್ಲಿ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಹೂಡಿಕೆಯನ್ನು ಕೆಲವು ಬ್ಯಾಂಕುಗಳು ಕಾರ್ಯಾಚರಣೆಯಲ್ಲಿ ತೋರಿಸುತ್ತವೆ, ಕೆಲವು ಹೂಡಿಕೆ ಚಟುವಟಿಕೆಯಲ್ಲಿ. ಪಡೆದ ಸಾಲವನ್ನು ಕೆಲವು ಕಾರ್ಯಾಚರಣೆಗೆ ಸೇರಿಸುತ್ತವೆ, ಕೆಲವು ಹಣಕಾಸು ಚಟುವಟಿಕೆಗೆ. ಹಾಗಾಗಿ ಎರಡು ಬ್ಯಾಂಕುಗಳ ಅನುಪಾತವನ್ನು ಪಕ್ಕಪಕ್ಕ ಇಟ್ಟರೆ ಎಷ್ಟೋ ಸಲ ಹೋಲಿಕೆ ನಡೆಯುವುದು ಲೆಕ್ಕಿಗರ ಆಯ್ಕೆಗಳ ನಡುವೆ. ಬ್ಯಾಂಕುಗಳ ದುಡಿಮೆಯ ನಡುವೆ ಅಲ್ಲ.

ಕಾಲ್ಪನಿಕ ಸಾಕು, ನಡೆದದ್ದನ್ನೇ ನೋಡೋಣ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟು ರದ್ದಾದವು. ನವೆಂಬರ್ 14ಕ್ಕೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಅದು ಮೆಕ್ಕೆಜೋಳ ಒಕ್ಕಣೆಯಾಗಿ ಮಂಡಿಗೆ ಬರುವ ಹೊತ್ತು. ಸಹಕಾರ ಸಂಘದ ದಾರಿ ಮುಚ್ಚಿದ್ದರಿಂದ ಹಳ್ಳಿಯ ಹಳೆ ನೋಟಿಗೆ ಬಹುಮಟ್ಟಿಗೆ ಉಳಿದದ್ದು ವಾಣಿಜ್ಯ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕಿನ ಕೌಂಟರ್. ಆ ವರ್ಷ ದೇಶದ ಬ್ಯಾಂಕುಗಳಿಗೆ ಠೇವಣಿ ಪ್ರವಾಹದ ಹಾಗೆ ಬಂತು, ಸಾಲದ ಬೇಡಿಕೆ ಮಲಗಿತ್ತು. ಕಾರ್ಯಾಚರಣೆಯ ನಗದು ಉಬ್ಬಿತು. ಆ ವರ್ಷ ಬಂಡವಾಳ ವೆಚ್ಚದ ಅನುಪಾತ ಇಳಿದದ್ದನ್ನು ಕಂಡು ಬ್ಯಾಂಕುಗಳು ಮಿತವ್ಯಯ ಕಲಿತವು ಎಂದರೆ ನಗಬೇಕಾಗುತ್ತದೆ. ಜನ ತಮ್ಮ ನೋಟು ಉಳಿಸಿಕೊಳ್ಳಲು ಸಾಲುಗಟ್ಟಿ ನಿಂತದ್ದರ ಅಂಕಿ ಅದು. ಆ ನೋಟುಗಳನ್ನು ಎಣಿಸಿ, ಕಟ್ಟು ಕಟ್ಟಿ, ದೊಡ್ಡ ಊರಿನ ಕರೆನ್ಸಿ ಚೆಸ್ಟಿಗೆ ಸಾಗಿಸುವ ಖರ್ಚು ಬ್ಯಾಂಕಿನ ತಲೆಗೇ ಬಂತು ಎಂಬುದನ್ನೂ ಸೇರಿಸಿಕೊಳ್ಳಿ.

ಇದಕ್ಕಿಂತ ಬಲವಾದ ಸಾಕ್ಷಿ 2019-20ರದ್ದು. ಗ್ರಾಮೀಣ ಬ್ಯಾಂಕು ನೌಕರರಿಗೆ ವಾಣಿಜ್ಯ ಬ್ಯಾಂಕಿನವರಿಗೆ ಸಮಾನವಾದ ಪಿಂಚಣಿ ಕೊಡಬೇಕೆಂಬ ವ್ಯಾಜ್ಯ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿ, ಹಿಂದಿನ ವರ್ಷಗಳ ಬಾಕಿಗೂ ಹಣ ಕಾದಿರಿಸಬೇಕಾಗಿ ಬಂತು. 2018-19ರಲ್ಲಿ ದೇಶದ ಗ್ರಾಮೀಣ ಬ್ಯಾಂಕುಗಳೆಲ್ಲ ಸೇರಿ ಸುಮಾರು 650 ಕೋಟಿ, 2019-20ರಲ್ಲಿ ಸುಮಾರು 2,200 ಕೋಟಿ ರೂಪಾಯಿ ನಿವ್ವಳ ನಷ್ಟ ತೋರಿಸಿದವು. ಅದೇ 2019-20ರಲ್ಲಿ ಅವುಗಳ ಠೇವಣಿ ಸುಮಾರು 4.34 ಲಕ್ಷ ಕೋಟಿಯಿಂದ 4.79 ಲಕ್ಷ ಕೋಟಿಗೆ ಏರಿತು. ಸಾಲ ಸುಮಾರು 2.81 ಲಕ್ಷ ಕೋಟಿಯಿಂದ 2.98 ಲಕ್ಷ ಕೋಟಿಗೆ. ಠೇವಣಿಯ ಏರಿಕೆ ಸಾಲದ ಏರಿಕೆಯ ಎರಡೂವರೆ ಪಟ್ಟು. ನಷ್ಟದಲ್ಲಿ ಮುಳುಗಿದ, ಸ್ವಲ್ಪದರಲ್ಲೇ ಸರ್ಕಾರದ ಮುಂದೆ ಬಂಡವಾಳಕ್ಕೆ ಕೈಯೊಡ್ಡಬೇಕಾಗಿದ್ದ ಬ್ಯಾಂಕುಗಳ ಪೆಟ್ಟಿಗೆಗೆ ಠೇವಣಿಯಿಂದ ಹಣ ಹರಿದು ಬರುತ್ತಲೇ ಇತ್ತು. ಕಾರ್ಯಾಚರಣೆಯ ನಗದನ್ನೇ ಗೋಲಾಗಿ ಹಿಡಿದವರಿಗೆ ಆ ವರ್ಷ ಬೇಕಾದಷ್ಟು ಕಟ್ಟಡ ಕಟ್ಟಬಹುದು ಎನಿಸುತ್ತಿತ್ತು. ವಾಸ್ತವದಲ್ಲಿ ಮುಂದೆ ಕೇಂದ್ರ ಶೇ 50, ರಾಜ್ಯ ಶೇ 15, ಪ್ರಾಯೋಜಕ ಬ್ಯಾಂಕು ಶೇ 35ರ ಪಾಲಿನಲ್ಲಿ 10,890 ಕೋಟಿ ರೂಪಾಯಿಯ ಮರುಬಂಡವಾಳ ಯೋಜನೆ ಬರಬೇಕಾಯಿತು.

ಇನ್ನೂ ಮುಖ್ಯವಾದ ಮಾತಿದೆ, ನನ್ನ ವಾದದ ತಿರುಳೂ ಅದೇ. ಈ ಅಳತೆ ಕೆಟ್ಟ ಬ್ಯಾಂಕಿಗೆ ಒಳ್ಳೆಯ ಅಂಕ ಕೊಡುತ್ತದೆ. ಮಾಯಕೊಂಡದ ಠೇವಣಿ ತೆಗೆದುಕೊಂಡು ಮಾಯಕೊಂಡದಲ್ಲಿ ಸಾಲ ಕೊಡದ ಬ್ಯಾಂಕನ್ನು ಯೋಚಿಸಿ. ಅದರ ಕಾರ್ಯಾಚರಣೆಯ ನಗದು ಸದಾ ತುಂಬಿರುತ್ತದೆ, ಬಂಡವಾಳ ವೆಚ್ಚದ ಅನುಪಾತ ಸದಾ ಸಣ್ಣದಾಗಿ ಕಾಣುತ್ತದೆ. ಮುಂಗಾರಿನಲ್ಲಿ ಬೀಜ ಗೊಬ್ಬರಕ್ಕೆ ಧಾರಾಳವಾಗಿ ಬೆಳೆಸಾಲ ಕೊಟ್ಟ ಬ್ಯಾಂಕು ಅದೇ ಗೋಲಿನಲ್ಲಿ ದಿವಾಳಿಯಂತೆ ಕಾಣುತ್ತದೆ. 1975ರ ಸೆಪ್ಟೆಂಬರ್ 26ರಂದು ಸುಗ್ರೀವಾಜ್ಞೆ ಹೊರಡಿಸಿ, ಅಕ್ಟೋಬರ್ 2ರಂದು ಮೊದಲ ಐದು ಗ್ರಾಮೀಣ ಬ್ಯಾಂಕುಗಳನ್ನು ತೆರೆದದ್ದು, ನಾಲ್ಕೇ ತಿಂಗಳಲ್ಲಿ 1976ರ ಜನವರಿಯಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿದ್ದು ಹಳ್ಳಿಯ ಹಣ ಹಳ್ಳಿಯಲ್ಲೇ ಸಾಲವಾಗಲಿ ಎಂಬ ಉದ್ದೇಶಕ್ಕೆ. ಆದರೂ ತೊಂಬತ್ತರ ದಶಕದಲ್ಲಿ ಎಷ್ಟೋ ಗ್ರಾಮೀಣ ಬ್ಯಾಂಕುಗಳು ಸಾಲ ಕೊಡುವ ಉಸಾಬರಿ ಬಿಟ್ಟು, ಠೇವಣಿಯನ್ನು ಪ್ರಾಯೋಜಕ ಬ್ಯಾಂಕಿನಲ್ಲೂ ಸರ್ಕಾರಿ ಪತ್ರಗಳಲ್ಲೂ ಇಟ್ಟು ಬಡ್ಡಿ ಎಣಿಸತೊಡಗಿದ್ದವು. ಸುರಕ್ಷಿತ ಬ್ಯಾಂಕು ಎಂದರೆ ಕೈಕಟ್ಟಿ ಕೂತ ಬ್ಯಾಂಕು ಎಂಬ ಅರ್ಥ ಬಂದ ಕಾಲ ಅದು. ಆ ಕೈಕಟ್ಟಿ ಕೂರುವಿಕೆಗೆ ಬಹುಮಾನ ಕೊಡುವ ಅಳತೆಯನ್ನು ಗ್ರಾಮೀಣ ಬ್ಯಾಂಕಿಗೆ ಹಿಡಿಯುವುದು ಬರೀ ತಾಂತ್ರಿಕ ತಪ್ಪೆಂದು ನನಗನಿಸುವುದಿಲ್ಲ.

ಐದೋ ಹತ್ತೋ ವರ್ಷದ ಸರಾಸರಿ ತೆಗೆದುಕೊಂಡರೆ ಏರಿಳಿತ ಸಮವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಏರಿಳಿತ ಸಮವಾಗುತ್ತದೆ ನಿಜ. ಮೆಕ್ಕೆಜೋಳದ ಸೀಮೆಯಲ್ಲಿ ಜೂನ್-ಜುಲೈನಲ್ಲಿ ಸಾಲ ಹೊರಗೆ ಹೋಗುತ್ತದೆ, ಅಕ್ಟೋಬರಿನಿಂದ ಜನವರಿಯವರೆಗೆ ಹಣ ಮರಳುತ್ತದೆ, ಮಾರ್ಚ್ 31ಕ್ಕೆ ಬ್ಯಾಂಕು ಲೆಕ್ಕ ಮುಚ್ಚುತ್ತದೆ. ಈ ಋತುಮಾನದ ತೊಡಕು ಸರಾಸರಿಯಲ್ಲಿ ಕರಗುತ್ತದೆ. ಆದರೆ ಮೇಲೆ ಹೇಳಿದ ದೋಷ ಋತುವಿನದಲ್ಲ, ಸ್ವಭಾವದ್ದು. ಹತ್ತು ವರ್ಷ ಸತತವಾಗಿ ಸಾಲ ಕೊಡದೆ ಕೂತ ಬ್ಯಾಂಕಿನ ಸರಾಸರಿ ಇನ್ನಷ್ಟು ಚಂದವಾಗಿ ಕಾಣುತ್ತದೆ. ಮೇಲಾಗಿ ಗ್ರಾಮೀಣ ಬ್ಯಾಂಕುಗಳಲ್ಲಿ ಹತ್ತು ವರ್ಷದ ಒಂದೇ ಸರಣಿ ಸಿಗುವುದೇ ಕಷ್ಟ. 2005, 2013, 2019, 2025: ಪ್ರತಿ ವಿಲೀನದಲ್ಲೂ ಹೊಸ ಬ್ಯಾಂಕು ಹಳೆಯ ಬ್ಯಾಂಕುಗಳ ಮೇಜು ಕುರ್ಚಿ ತಿಜೋರಿಗಳನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತದೆ. ಸ್ಥಿರಾಸ್ತಿಯ ಅಂಕಿ ಒಮ್ಮೆಗೇ ಜಿಗಿದದ್ದನ್ನು ಖರೀದಿ ಎಂದು ಓದಿದರೆ ಲೆಕ್ಕ ಕೆಟ್ಟಂತೆಯೇ. ಜಿಲ್ಲೆವಾರು ಸರಣಿಯಂತೂ ಇನ್ನೂ ಕಷ್ಟ: 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಈ ಮೂರು ಜಿಲ್ಲೆಗಳ ತಾಲ್ಲೂಕುಗಳು ಸೇರಿದ್ದರಿಂದ, ಕೆನರಾ ಬ್ಯಾಂಕ್ ಪ್ರಾಯೋಜಿಸಿದ ಮೂರು ಬೇರೆ ಬೇರೆ ಗ್ರಾಮೀಣ ಬ್ಯಾಂಕುಗಳ ಸೀಮೆ ಒಂದೇ ಜಿಲ್ಲೆಗೆ ಬಂದಿತ್ತು ಎಂಬುದನ್ನು ಈಗಿನ ಬ್ಯಾಂಕಿನವರೇ ಮರೆತಿದ್ದಾರೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕ ಇದೆ. ಲಾಭ ಬರೀ ಕಾಗದದ್ದು, ನಗದು ಕಣ್ಣಿಗೆ ಕಾಣುವಂಥದ್ದು; ಬ್ಯಾಂಕಿನ ಲಾಭವನ್ನು ನಂಬಿ ಬಂಡವಾಳ ವೆಚ್ಚವನ್ನು ಅಳೆಯುವುದು ಹೇಗೆ ಎಂದು ಕೇಳುತ್ತಾರೆ. ಹಳೆಯ ದಿನಗಳನ್ನು ನೆನೆದರೆ ಈ ಅನುಮಾನ ಸಹಜ. ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ (ಐಆರ್‌ಡಿಪಿ) ಎಮ್ಮೆ ಸಾಲ, ಸಾಲಮೇಳದ ಸಾಲಗಳ ಕಾಲದಲ್ಲಿ ಬಾರದ ಬಡ್ಡಿಯನ್ನೂ ಬಂದಂತೆ ಬರೆದುಕೊಳ್ಳುವುದು ರೂಢಿಯಾಗಿತ್ತು. ಕಾಗದದಲ್ಲಿ ಆದಾಯ, ಊರಲ್ಲಿ ಎಮ್ಮೆಯೂ ಇಲ್ಲ ಹಣವೂ ಇಲ್ಲ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸುಸ್ತಿ ಸಾಲಕ್ಕೆ ಮನ್ನಾ ಪ್ರಕಟಿಸಿದ ಮೇಲೆ ವಸೂಲಿಯ ಶಿಸ್ತು ಇನ್ನಷ್ಟು ಹದಗೆಟ್ಟಿತು. ಅದೇ 1990ರಲ್ಲಿ ರಾಷ್ಟ್ರೀಯ ಕೈಗಾರಿಕಾ ನ್ಯಾಯಮಂಡಳಿಯ ತೀರ್ಪಿನಿಂದ ನೌಕರರ ಸಂಬಳ ವಾಣಿಜ್ಯ ಬ್ಯಾಂಕಿನ ಮಟ್ಟಕ್ಕೆ ಏರಿತು. ಕಡಿಮೆ ಖರ್ಚಿನ ಬ್ಯಾಂಕು ಎಂಬ ಮೂಲ ಕಲ್ಪನೆ ಅಲ್ಲಿಗೆ ಮುಗಿಯಿತು. ನೌಕರರ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಖರ್ಚನ್ನು ಹೊರುವ ಗಳಿಕೆ ಬ್ಯಾಂಕಿಗೆ ಇರಲಿಲ್ಲ. ಆದಾಯ ಗುರುತಿಸುವಿಕೆ ಮತ್ತು ಆಸ್ತಿ ವರ್ಗೀಕರಣದ ನಿಯಮಗಳು ಗ್ರಾಮೀಣ ಬ್ಯಾಂಕುಗಳಿಗೆ 1995-96ರಲ್ಲಿ ಬಂದ ಮೇಲೆ ಬಾರದ ಬಡ್ಡಿಯನ್ನು ಆದಾಯವೆನ್ನುವ ದಾರಿ ಮುಚ್ಚಿತು. ಪೂರ್ತಿ ಮುಚ್ಚಿತು ಎನ್ನಲಾರೆ. ಮಾರ್ಚ್ ಕೊನೆಯಲ್ಲಿ ಕೈಗಡ ತಂದು ಹಳೆಯ ಬೆಳೆಸಾಲ ಕಟ್ಟಿ, ಎರಡು ದಿನ ಬಿಟ್ಟು ಹೊಸದನ್ನು ತೆಗೆದು ಕೈಗಡ ತೀರಿಸುವ ರಿನ್ಯೂವಲ್ ವಿದ್ಯೆ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಷ್ಟರಮಟ್ಟಿಗೆ ಬ್ಯಾಂಕಿನ ಲಾಭದಲ್ಲೂ ಸುಣ್ಣ ಬಣ್ಣ ಇದೆ ಎಂದು ಒಪ್ಪುತ್ತೇನೆ. ಆದರೆ ಆ ರಿನ್ಯೂವಲ್ ನಗದು ಹರಿವಿನಲ್ಲೂ ವಸೂಲಿಯಾಗಿ, ಮತ್ತೆ ಸಾಲವಾಗಿ ಹಾದುಹೋಗುತ್ತದೆ. ಲಾಭದಲ್ಲಿರುವ ಬಣ್ಣಕ್ಕೆ ನಗದು ಮದ್ದಾಗುವುದಿಲ್ಲ. ಕೆಟ್ಟ ಸಾಲಕ್ಕೆ ಕಾದಿರಿಸಿದ ಹಣವನ್ನೂ ಕಳೆದು ಉಳಿದ ಲಾಭವನ್ನು ನೋಡುವುದು, ಅದನ್ನೂ ಮೂರು-ನಾಲ್ಕು ವರ್ಷ ಜೋಡಿಸಿ ನೋಡುವುದು ಇರುವುದರಲ್ಲಿ ನೆಟ್ಟಗಿನ ದಾರಿ.

ಹಾಗಾದರೆ ಬಂಡವಾಳ ವೆಚ್ಚ ಎಲ್ಲಿ ಸಿಗುತ್ತದೆ? ವಾರ್ಷಿಕ ವರದಿಯಲ್ಲಿ ಶೆಡ್ಯೂಲ್ 10 ತೆರೆಯಿರಿ. ಸ್ಥಿರಾಸ್ತಿ ಎಂಬ ತಲೆಬರಹದ ಕೆಳಗೆ ಎರಡೇ ಗುಂಪು: ಕಟ್ಟಡ, ಮತ್ತು ಪೀಠೋಪಕರಣ ಸೇರಿದ ಇತರ ಸ್ಥಿರಾಸ್ತಿ. ಒಂದೊಂದಕ್ಕೂ ನಾಲ್ಕು ಸಾಲು: ಹಿಂದಿನ ಮಾರ್ಚ್ 31ಕ್ಕೆ ಇದ್ದ ಮೂಲಬೆಲೆ, ವರ್ಷದಲ್ಲಿ ಸೇರಿದ್ದು, ವರ್ಷದಲ್ಲಿ ತೆಗೆದದ್ದು, ಇಂದಿನವರೆಗಿನ ಸವಕಳಿ. ನಮಗೆ ಬೇಕಾದದ್ದು ಎರಡನೆಯ ಸಾಲು. ಗ್ರಾಮೀಣ ಬ್ಯಾಂಕಿನಲ್ಲಿ ಕಟ್ಟಡದ ಗುಂಪು ಸಾಮಾನ್ಯವಾಗಿ ಬಡಕಲು, ಏಕೆಂದರೆ ಹಳ್ಳಿ ಶಾಖೆಗಳು ಬಹುಪಾಲು ಬಾಡಿಗೆ ಕಟ್ಟಡದಲ್ಲಿ ನಡೆಯುತ್ತವೆ. ಊರಿನ ಯಾರದೋ ಮನೆಯ ಮುಂಭಾಗ, ಕಬ್ಬಿಣದ ಗ್ರಿಲ್, ಒಳಗೆ ಗೋಡೆಗೆ ಹೊಂದಿಸಿ ಇಟ್ಟ ಸ್ಟ್ರಾಂಗ್ ರೂಂ ಬಾಗಿಲು, ಮೇಲೆ ಮಾಳಿಗೆಯಲ್ಲಿ ವಿಸ್ಯಾಟ್ ತಟ್ಟೆ. ಆ ಬಾಡಿಗೆ ಶೆಡ್ಯೂಲ್ 16ರಲ್ಲಿ ಬಾಡಿಗೆ, ತೆರಿಗೆ, ದೀಪ ಎಂಬ ಸಾಲಿನಲ್ಲಿ ಕೂತಿರುತ್ತದೆ. ಹೆಸರು ಬದಲಾದಾಗ ಹೊಸ ಪಾಸ್‌ಬುಕ್ ಮಾಡಿಸಿದ ಖರ್ಚು ಅದೇ ಶೆಡ್ಯೂಲಿನ ಮುದ್ರಣ ಮತ್ತು ಲೇಖನ ಸಾಮಗ್ರಿಯಲ್ಲಿ. ಪ್ರಾಯೋಜಕ ಬ್ಯಾಂಕಿನ ಅಥವಾ ಹೊರಗಿನ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯನ್ನು ಬಳಸುವ ಬ್ಯಾಂಕು ಅದಕ್ಕೆ ವರ್ಷವರ್ಷ ಕಟ್ಟುವ ಶುಲ್ಕವೂ ವೆಚ್ಚದ ಕಡೆಗೇ ಹೋಗುತ್ತದೆ. ಸ್ಥಿರಾಸ್ತಿಯಲ್ಲಿ ಅದರ ನೆರಳೂ ಇರುವುದಿಲ್ಲ.

ಇಲ್ಲೇ ಮೂರನೆಯ ಆಕ್ಷೇಪ ಏಳುತ್ತದೆ: ಬ್ಯಾಂಕಿನ ಸ್ಥಿರಾಸ್ತಿ ಒಟ್ಟು ಆಸ್ತಿಯಲ್ಲಿ ಎಳ್ಳಷ್ಟು, ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಕೇಳುವವರು ಒಂದು ಸಂಗತಿ ಬಿಡುತ್ತಿದ್ದಾರೆ. ಎಳ್ಳಷ್ಟು ಎಂದು ಕಾಣುವುದಕ್ಕೆ ಕಾರಣ ಹೋಲಿಕೆ ಠೇವಣಿ ಸಾಲಗಳ ಗುಡ್ಡದ ಜೊತೆ ನಡೆಯುವುದು. ಬ್ಯಾಂಕು ಕಟ್ಟಡ ಕಟ್ಟುವುದಾಗಲಿ, ಕಂಪ್ಯೂಟರು ಕೊಳ್ಳುವುದಾಗಲಿ ಠೇವಣಿದಾರರ ಹಣದ ಬಲದಿಂದ ನಡೆಯಬಾರದು. ಷೇರು ಬಂಡವಾಳ ಮತ್ತು ಉಳಿಸಿದ ಲಾಭದ ಬಲದಿಂದ ನಡೆಯಬೇಕು. ಸ್ಥಿರಾಸ್ತಿಗೆ ಶೇ 100ರ ಅಪಾಯ ತೂಕ ಇದೆ. ಶೇ 9ರ ಬಂಡವಾಳ ಪ್ರಮಾಣ ಕಾಯ್ದುಕೊಳ್ಳಬೇಕಾದ ಬ್ಯಾಂಕು ನೂರು ರೂಪಾಯಿ ಕಟ್ಟಡಕ್ಕೆ ಹಾಕಿದರೆ ಒಂಬತ್ತು ರೂಪಾಯಿ ಬಂಡವಾಳ ಅಲ್ಲಿ ಕಟ್ಟಿಹಾಕಿದಂತೆ. ಆ ಒಂಬತ್ತು ರೂಪಾಯಿಯ ಮೇಲೆ ಸಾಲ ಕೊಡಬಹುದಿತ್ತು. ಎಷ್ಟೋ ಗ್ರಾಮೀಣ ಬ್ಯಾಂಕುಗಳು ಈ ಶೇ 9ನ್ನು ಮುಟ್ಟಲೇ ಒದ್ದಾಡಿವೆ. 2010ರಲ್ಲಿ ಕೆ.ಸಿ. ಚಕ್ರವರ್ತಿ ಸಮಿತಿ 40 ಗ್ರಾಮೀಣ ಬ್ಯಾಂಕುಗಳಿಗೆ 2,200 ಕೋಟಿ ರೂಪಾಯಿ ಬಂಡವಾಳ ತುಂಬಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಸರಿಯಾಗಿ ಅದೇ ಹೊತ್ತಿನಲ್ಲಿ, ಶಾಖೆಗಳನ್ನೆಲ್ಲ ಕೋರ್ ಬ್ಯಾಂಕಿಂಗಿಗೆ ತರಬೇಕೆಂಬ ಗಡುವೂ ಇತ್ತು. ದಪ್ಪ ಲೆಡ್ಜರಿನಿಂದ ಕಂಪ್ಯೂಟರಿಗೆ, ಕೈಬರಹದ ಪಾಸ್‌ಬುಕ್ಕಿನಿಂದ ಪ್ರಿಂಟರಿಗೆ ಬಂದ ಆ ಬದಲಾವಣೆ ಗ್ರಾಮೀಣ ಬ್ಯಾಂಕಿನ ಚರಿತ್ರೆಯಲ್ಲೇ ದೊಡ್ಡ ಬಂಡವಾಳ ವೆಚ್ಚ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಂಪ್ಯೂಟರಿಗೆ ವರ್ಷಕ್ಕೆ ಶೇ 33.33 ಸವಕಳಿ, ಅಂದರೆ ಮೂರು ವರ್ಷಕ್ಕೆ ಪುಸ್ತಕದಲ್ಲಿ ಅದು ಸೊನ್ನೆ. ಒಂದು ಸಲ ಕೊಂಡರೆ ಮುಗಿಯಿತು ಎನ್ನುವಂತಿಲ್ಲ, ಮೂರು-ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಅದೇ ಖರ್ಚು ಎದುರಿಗೆ ನಿಲ್ಲುತ್ತದೆ. ಅದನ್ನು ಹೊರಬೇಕಾದದ್ದು ಬಡ್ಡಿ ಅಂತರದಿಂದ ಬರುವ ಸಣ್ಣ ಗಳಿಕೆ.

ಆದ್ದರಿಂದ ನಾನು ಒಪ್ಪುವ ಅಳತೆ ಇಷ್ಟು. ಮೇಲುಗಡೆ ಶೆಡ್ಯೂಲ್ 10ರ ವರ್ಷದಲ್ಲಿ ಸೇರಿದ್ದು, ಅದರಿಂದ ವಿಲೀನದಲ್ಲಿ ಬಂದ ಆಸ್ತಿಯನ್ನೂ, ಹಣ ಕೊಡದೆ ಬರೀ ಮರುಮೌಲ್ಯಮಾಪನದಿಂದ ಏರಿಸಿದ ಕಟ್ಟಡದ ಬೆಲೆಯನ್ನೂ ಕಳೆಯಬೇಕು. ಅದಕ್ಕೆ ಬಾಡಿಗೆಯನ್ನೂ ಕಂಪ್ಯೂಟರ್ ವ್ಯವಸ್ಥೆಯ ವಾರ್ಷಿಕ ಶುಲ್ಕವನ್ನೂ ಕೂಡಿಸಬೇಕು, ಸ್ವಂತ ಕಟ್ಟಡದ ಬ್ಯಾಂಕಿಗೂ ಬಾಡಿಗೆಯ ಬ್ಯಾಂಕಿಗೂ ಹೋಲಿಕೆ ಸಾಧ್ಯವಾಗುವುದು ಹಾಗೆ ಮಾಡಿದಾಗ ಮಾತ್ರ. ಕೆಳಗಡೆ, ಬಾಡಿಗೆ ಶುಲ್ಕ ಸವಕಳಿಗಳನ್ನು ಕಳೆಯುವ ಮುಂಚಿನ, ಆದರೆ ಕೆಟ್ಟ ಸಾಲದ ಕಾದಿರಿಕೆ ಕಳೆದ ಲಾಭ. ನಬಾರ್ಡ್ ಆಡಳಿತದ ಹಣಕಾಸು ಸೇರ್ಪಡೆ ನಿಧಿಯಿಂದ ಬಂದ ಅನುದಾನದಲ್ಲಿ ಕೊಂಡ ಸಲಕರಣೆಗಳನ್ನು ಬೇರೆಯಾಗಿ ಗುರುತಿಸಬೇಕು, ಏಕೆಂದರೆ ಅನುದಾನವನ್ನು ಆಸ್ತಿಯ ಬೆಲೆಯಿಂದಲೇ ಕಳೆದು ತೋರಿಸಿದರೆ ಮೈಕ್ರೋ ಎಟಿಎಂ ಹಿಡಿದ ಬ್ಯಾಂಕ್ ಮಿತ್ರರು ಕಣ್ಣ ಮುಂದೆ ಓಡಾಡುತ್ತಿದ್ದರೂ ಪುಸ್ತಕದಲ್ಲಿ ಆ ಯಂತ್ರ ಕಾಣುವುದಿಲ್ಲ. ಈ ಲೆಕ್ಕ ಸ್ವಲ್ಪ ಒರಟು ಎನ್ನಬಹುದು, ವರದಿಯಲ್ಲಿ ತಂತ್ರಜ್ಞಾನದ ಶುಲ್ಕ ಬಿಡಿಯಾಗಿ ಸಿಗದೆ ಇತರ ವೆಚ್ಚಗಳ ಗೋಣಿಚೀಲದಲ್ಲಿ ಸೇರಿರಲೂಬಹುದು. ಆದರೂ ಈ ಅಂಕಿ ಮಳೆ ಬಂದರೆ, ನೋಟು ರದ್ದಾದರೆ, ಸಾಲ ಮನ್ನಾದ ಹಣ ಸರ್ಕಾರದಿಂದ ಬಂದರೆ ತಲೆಕೆಳಗಾಗುವುದಿಲ್ಲ.

ಈ ಮಾತು ಗ್ರಾಮೀಣ ಬ್ಯಾಂಕಿಗಷ್ಟೇ ಸೀಮಿತವಲ್ಲ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿನಂಥ ಖಾಸಗಿ ಪ್ರಾದೇಶಿಕ ಬ್ಯಾಂಕುಗಳ ವರದಿಯನ್ನು ಓದುವಾಗಲೂ ಪೇಟೆಯ ಜಾಲತಾಣಗಳು ತಾವೇ ಲೆಕ್ಕ ಹಾಕಿ ಕೊಡುವ ಇಂಥ ಅನುಪಾತಗಳನ್ನು ಅನುಮಾನದಿಂದ ನೋಡಬೇಕು. ಯಂತ್ರ ಎಲ್ಲ ಕಂಪನಿಗೂ ಒಂದೇ ಸೂತ್ರ ಹಾಕುತ್ತದೆ. ಸಿಮೆಂಟು ಕಂಪನಿ, ಬಟ್ಟೆ ಗಿರಣಿ, ಬ್ಯಾಂಕು ಎಂಬ ಭೇದ ಅದಕ್ಕಿಲ್ಲ. ಗ್ರಾಮೀಣ ಬ್ಯಾಂಕಿನಲ್ಲಿ ಹೆಚ್ಚುವರಿ ಕಷ್ಟ ಏನೆಂದರೆ ಷೇರುದಾರರು ಮೂವರೇ: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಪ್ರಾಯೋಜಕ ಬ್ಯಾಂಕು. ಪ್ರಶ್ನೆ ಕೇಳುವ ಸಣ್ಣ ಷೇರುದಾರ ಅಲ್ಲಿಲ್ಲ. ಬಂಡವಾಳ ವೆಚ್ಚ ಕಡಿಮೆಯಾದರೆ ಅದರ ಪರಿಣಾಮ ಅನುಭವಿಸುವವರು ಕೌಂಟರಿನ ಈಚೆ ಇರುವವರು. ಲಿಂಕ್ ಇಲ್ಲ, ನಾಳೆ ಬನ್ನಿ ಎಂಬ ಉತ್ತರ ಹಳ್ಳಿ ಶಾಖೆಗಳಲ್ಲಿ ಎಷ್ಟು ಕಾಲ ಕೇಳಿಬಂತೆಂದರೆ ಅದು ಬ್ಯಾಂಕಿನ ರಜೆಯ ಪಟ್ಟಿಗೆ ಸೇರಿದೆಯೇನೋ ಅನ್ನಿಸುತ್ತಿತ್ತು. 2014ರ ಆಗಸ್ಟಿನಲ್ಲಿ ಶುರುವಾದ ಜನಧನ್ ಯೋಜನೆಯ ಖಾತೆಗಳು, ಉದ್ಯೋಗ ಖಾತ್ರಿ ಕೂಲಿ, ಪಿಂಚಣಿ, ಈಗ ಗೃಹಲಕ್ಷ್ಮಿ ಹಣ ಎಲ್ಲವೂ ಬ್ಯಾಂಕ್ ಖಾತೆಗೇ ಬರುವ ಕಾಲದಲ್ಲಿ ಒಂದು ದಿನದ ಲಿಂಕು ಹೋದರೆ ಕೂಲಿ ಬಿಟ್ಟು ಬಂದವರ ದಿನ ಹೋಗುತ್ತದೆ. ಅನುಪಾತ ಸಣ್ಣದಾಗಿದೆ ಎಂದು ಮೆಚ್ಚುವವರಿಗೆ ಈ ನಷ್ಟ ಯಾವ ಶೆಡ್ಯೂಲಿನಲ್ಲೂ ಸಿಗುವುದಿಲ್ಲ. ಅತಿಯಾದ ವೆಚ್ಚದಷ್ಟೇ ಅತಿಯಾದ ಜಿಪುಣತನವೂ ದೋಷ ಎಂದು ತೋರಿಸದ ಗೋಲು ಅರ್ಧ ಗೋಲು.

ಹೊಸ ಏಕೈಕ ಬ್ಯಾಂಕು ಬಳ್ಳಾರಿಯಲ್ಲಿದ್ದುಕೊಂಡು ಬೀದರಿನಿಂದ ಚಾಮರಾಜನಗರದವರೆಗಿನ ಶಾಖೆಗಳನ್ನು ನೋಡಿಕೊಳ್ಳಬೇಕಾಗಿದೆ. ವಿಲೀನದ ಲಾಭ ಎಂದರೆ ಎರಡು ಕಂಪ್ಯೂಟರ್ ವ್ಯವಸ್ಥೆ, ಎರಡು ಕೇಂದ್ರ ಕಚೇರಿಯ ಖರ್ಚು ಒಂದಾಗುವುದು ಎಂದು ಹೇಳುತ್ತಾರೆ. ಹಾಗೆ ಉಳಿದ ಹಣ ಹೋಬಳಿ ಶಾಖೆಗೆ ಬಂತೋ, ಕೇಂದ್ರ ಕಚೇರಿಯ ಕಟ್ಟಡಕ್ಕೆ ಹೋಯಿತೋ ಎಂದು ಈಗಿನ ವರದಿಯ ನಮೂನೆಯಲ್ಲಿ ತಿಳಿಯುವಂತಿಲ್ಲ, ಏಕೆಂದರೆ ಶೆಡ್ಯೂಲ್ 10 ಇಡೀ ಬ್ಯಾಂಕಿಗೆ ಒಂದೇ. ಜಿಲ್ಲೆವಾರು ಠೇವಣಿ, ಸಾಲ, ಅವೆರಡರ ಅನುಪಾತ ಲೀಡ್ ಬ್ಯಾಂಕಿನ ಜಿಲ್ಲಾ ಸಭೆಯಲ್ಲಿ ಪ್ರತಿ ತ್ರೈಮಾಸಿಕ ಮಂಡನೆಯಾಗುತ್ತದೆ. ಅದೇ ಹಾಳೆಯಲ್ಲಿ ಇನ್ನೆರಡು ಕಾಲಂ ಸೇರಿಸುವುದು ಕಷ್ಟವಲ್ಲ: ಆ ಜಿಲ್ಲೆಯ ಶಾಖೆಗಳಿಗೆ ವರ್ಷದಲ್ಲಿ ಎಷ್ಟು ಬಂಡವಾಳ ವೆಚ್ಚವಾಯಿತು, ಎಷ್ಟು ಗಂಟೆ ಸಂಪರ್ಕ ಕಡಿದಿತ್ತು. ದಾವಣಗೆರೆ ಜಿಲ್ಲೆಯ ಸಭೆಗೆ ಹೋಗುವ ಶಾಸಕರು, ಜಿಲ್ಲಾ ಪಂಚಾಯ್ತಿಯವರು, ರೈತ ಸಂಘದ ಪ್ರತಿನಿಧಿಗಳು ಮುಂದಿನ ಸಲ ಠೇವಣಿ ಎಷ್ಟು ಬೆಳೆಯಿತು ಎಂಬ ಅಂಕಿಗೆ ಚಪ್ಪಾಳೆ ತಟ್ಟುವ ಮುನ್ನ ಈ ಎರಡು ಕಾಲಂ ಕೇಳಬೇಕು.